ಬಲ್ಬಮ್ಮ ಮತ್ತು ಆರು ಸುಳ್ಳು ಗುಂಡಿಗಳು

ಬಲ್ಬಮ್ಮ ಹೊಲಿಗೆ ಅಂಗಡಿಗೆ ಮೊದಲ ಸಲ ಬಂದದ್ದು ಒಂದು ಒದ್ದೆ ಅಂಗಿ ಹಿಡಿದುಕೊಂಡು. ಮಧ್ಯಾಹ್ನ ಮೂರೂವರೆ ಗಂಟೆ. ಮಾಸ್ಟರ್ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಕಿಟಕಿಯ ಪಕ್ಕ, ಬೆಳಕು ಬೀಳುವ ಕಡೆ, ಅಜ್ಜಿ ಸ್ಟೂಲಿನ ಮೇಲೆ ಕೂತು ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದಳು. ಆ ಅಂಗಡಿಯಲ್ಲಿ ಕತ್ತರಿ, ಮಷಿನ್ ಎಲ್ಲ ಮಾಸ್ಟರದು. ಕಾಜಾ ಮತ್ತು ಗುಂಡಿ ಮಾತ್ರ ಅಜ್ಜಿಯದು. ಗಂಡ ತೀರಿಕೊಂಡ ವರ್ಷ ಹಿಡಿದ ಸೂಜಿ, ಹತ್ತೊಂಬತ್ತು ವರ್ಷವಾದರೂ ಕೆಳಗಿಟ್ಟಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಗುಂಡಿ ಅಜ್ಜಿ ಅನ್ನುತ್ತಿದ್ದರು. ಸುತ್ತಲಿನ ಮೂರು ಶಾಲೆಗಳ ಸಮವಸ್ತ್ರ ಅಲ್ಲೇ ತಯಾರಾಗುತ್ತಿತ್ತು.

"ಈ ಅಂಗಿ ಹೊಲಿದವರು ಯಾರು?" ಬಾಗಿಲಲ್ಲೇ ನಿಂತು ಕೇಳಿದಳು ಬಂದವಳು. ಐವತ್ತು ದಾಟಿದ, ಕುಳ್ಳಗಿನ ಹೆಂಗಸು. ಮೇಲೊಂದು ಬೂದು ಏಪ್ರನ್, ಅದರ ಎರಡೂ ಜೇಬು ಉಬ್ಬಿಕೊಂಡಿದ್ದವು.

ಮಾಸ್ಟರ್ ತಲೆಯೆತ್ತಲಿಲ್ಲ. "ಯಾಕೆ, ಹೊಲಿಗೆ ಬಿಟ್ಟಿದೆಯಾ?"

"ಬಿಟ್ಟಿದ್ರೆ ನಾನ್ಯಾಕೆ ಇಷ್ಟು ದೂರ ನಡ್ಕೊಂಡು ಬರ್ತಿದ್ದೆ? ತುಂಬಾ ಚೆನ್ನಾಗಿದೆ. ಅದಕ್ಕೇ ಬಂದೆ."

ಹೊಗಳಿಕೆ ಕೇಳಿ ಅಜ್ಜಿಯ ಕಿವಿ ನಿಮಿರಿತು. ಕನ್ನಡಕ ಮೂಗಿನ ಮೇಲೇರಿಸಿಕೊಂಡು ಅಂಗಿ ನೋಡಿದಳು. ಕಾಲರಿನ ಒಳಗೆ ಅವಳೇ ಗುರುತಿಗೆ ಹಾಕಿದ್ದ ಕೆಂಪು ದಾರದ ಒಂದು ಚುಕ್ಕೆ. ಅದು ಅವಳ ಮೊಮ್ಮಗಳು ಪುಟ್ಟಿಯ ಅಂಗಿ.

ಹೆಂಗಸು ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಆರು ಬಿಳಿ ಗುಂಡಿಗಳು ಆರು ಕಾಜಾಗಳಲ್ಲಿ ಶಿಸ್ತಾಗಿ ಕೂತಿದ್ದವು. ಅವಳು ಎರಡು ಕೈಯಲ್ಲಿ ಎರಡು ಅಂಚು ಹಿಡಿದು ಎಳೆದಳು.

ಟಕ್, ಟಕ್, ಟಕ್, ಟಕ್, ಟಕ್, ಟಕ್.

ಅಂಗಿ ತೆರೆದುಕೊಂಡಿತು. ಬಿಳಿ ಗುಂಡಿಗಳು ಮಾತ್ರ ಇದ್ದಲ್ಲೇ ಇದ್ದವು. ಕಾಜಾಗಳ ಬಾಯಿ ಹೊಲಿದು ಮುಚ್ಚಿ, ಮೇಲೆ ಗುಂಡಿ ಕೂರಿಸಿ, ಹಿಂದೆ ಕಾಣದ ಹಾಗೆ ಒಂದೊಂದು ಟಿಚ್ ಬಟನ್ ಇಟ್ಟಿತ್ತು. ಅಂಗೈಯಿಂದ ಎದೆಗೆ ಒತ್ತಿಕೊಂಡರೆ ಸಾಕು, ಅಂಗಿ ಮುಚ್ಚುತ್ತಿತ್ತು. ಬೆರಳಿಗೆ ಕೆಲಸವೇ ಇರಲಿಲ್ಲ.

ಮಾಸ್ಟರ್ ಈಗ ತಲೆಯೆತ್ತಿದರು. "ಅಜ್ಜೀ, ಇದು ಯಾವಾಗ ಮಾಡಿದ್ರಿ?"

"ಹಾಗಾದ್ರೆ ಇವರೇನಾ?" ಹೆಂಗಸು ಅಜ್ಜಿಯ ಕಡೆ ತಿರುಗಿದಳು. "ನಾಲ್ಕು ತಿಂಗಳು, ಅಜ್ಜಿ. ನಾಲ್ಕು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಈ ಕಣ್ಣಿಗೆ ಇದುವರೆಗೂ ಯಾರೂ ಎರಚಿರಲಿಲ್ಲ."

ಬೈಗುಳವೋ ಮೆಚ್ಚುಗೆಯೋ ಅಜ್ಜಿಗೆ ತಿಳಿಯಲಿಲ್ಲ. ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿಟ್ಟು, "ಕೂತ್ಕೊಳ್ಳಿ" ಅಂದಳು.

ಬಂದವಳು ಪುಟ್ಟಿಯ ಶಾಲೆಯ ಆಯಾ, ಪುಟ್ಟಿಯ ತರಗತಿಯನ್ನು ಅವಳಿಗೆ ವಹಿಸಿ ನಾಲ್ಕು ತಿಂಗಳಾಗಿತ್ತು. ಮಕ್ಕಳಿಗೆ ಆಯಮ್ಮ, ದೊಡ್ಡವರಿಗೆಲ್ಲ ಬಲ್ಬಮ್ಮ. ಪುಟ್ಟಿ ಅವತ್ತು ನೀರಿನ ಬಾಟಲಿ ಮೈಮೇಲೆ ಚೆಲ್ಲಿಕೊಂಡಿದ್ದಳು. ಅದು ಆ ವಾರದಲ್ಲಿ ಮೂರನೆಯ ಸಲ. ಬಲ್ಬಮ್ಮ ಅವಳಿಗೆ ಆಟದ ಅಂಗಿ ತೊಡಿಸಲೆಂದು ಒದ್ದೆ ಅಂಗಿ ಬಿಚ್ಚುವಾಗ ಅವಸರದಲ್ಲಿ ಎಳೆದಿದ್ದಳು. ಆಗ ಆ ಟಕ್ ಕೇಳಿಸಿತು, ಶಾಲೆ ಬಿಡುವುದನ್ನೂ ಕಾಯದೆ ಅಂಗಿ ಹಿಡಿದು ಬಂದಿದ್ದಳು.

"ಆ ಮಗು ಮೆಟ್ಟಿಲು ಇಳಿಯೋದು ನೋಡಿ ನನಗೆ ಮೊದಲನೇ ವಾರವೇ ಅನುಮಾನ ಬಂತು" ಅಂದಳು. "ಪ್ರತಿ ಮೆಟ್ಟಿಲಲ್ಲೂ ಎರಡು ಕಾಲೂ ಜೋಡಿಸಿ ನಿಲ್ತಾಳೆ. ಚೆಂಡು ಹಾಕಿದ್ರೆ ಎದೆಗೆ ಅವುಚಿ ಹಿಡೀತಾಳೆ, ಅಷ್ಟರಲ್ಲಿ ಅದು ಕೆಳಗೆ ಬಿದ್ದಿರುತ್ತೆ. ಸಮ ನೆಲದಲ್ಲಿ ಎಡವ್ತಾಳೆ. ಬಿದ್ದ ಕೂಡಲೇ ನಗ್ತಾಳೆ, ಬೇಕು ಅಂತಲೇ ಬಿದ್ದ ಹಾಗೆ. ಪೆನ್ಸಿಲ್ ಹಿಡಿದ್ರೆ ಹೆಗಲವರೆಗೂ ಬಿಗಿ. ಮಿಸ್ ಹತ್ರ ಹೇಳಿದೆ. ಮಿಸ್ ಏನಂದ್ರು ಗೊತ್ತಾ? 'ಆಟದ ಪೀರಿಯಡ್ ಆದ್ಮೇಲೆ ಆರು ಗುಂಡಿ ಅರ್ಧ ನಿಮಿಷದಲ್ಲಿ ಹಾಕ್ತಾಳೆ ಬಲ್ಬಮ್ಮ, ಅವಳ ಬೆರಳಿಗೆ ಏನಾಗಿದೆ? ಬರಿಯೋದು ಬೇಡ ಅಷ್ಟೇ, ಹಠ.' ನಾನೂ ನೋಡಿದೆ, ಹೌದು, ಹಾಕ್ತಾಳೆ. ಬಾಯಿ ಮುಚ್ಕೊಂಡೆ. ನಾಲ್ಕು ತಿಂಗಳು ಮುಚ್ಕೊಂಡಿದ್ದೆ!"

ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ನಗಲಿಲ್ಲ. ಹಠ ಅನ್ನುವ ಆ ಮಾತು ಅವಳಿಗೆ ಹೊಸದಾಗಿರಲಿಲ್ಲ.

ಒಂದು ವರ್ಷದ ಹಿಂದೆ ಮನೆಯಲ್ಲೂ ಅದೇ ಮಾತು ನಡೆದಿತ್ತು. ಮಗ ಸರಕಿನ ವ್ಯಾನ್ ಓಡಿಸುವವನು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು, ಎಂಟು ಗಂಟೆಗೆ ಮನೆ ಬಿಡಬೇಕು. ಒಂದು ಬೆಳಿಗ್ಗೆ ಪುಟ್ಟಿ ಎರಡು ಗುಂಡಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡಳು. ಹಾಕಿದ್ದೂ ತಪ್ಪು ಕಾಜಾಕ್ಕೆ. ಮೂಗು, ಕಣ್ಣು ಎಲ್ಲ ಸುರಿಯುತ್ತಿತ್ತು. ಅಜ್ಜಿ ಕೈಹಾಕಲು ಹೋದಳು. ಸೊಸೆ ತಡೆದಳು. "ಬಿಡಿ ಅತ್ತೆ, ಅವಳೇ ಹಾಕ್ಕೊಳ್ಳಲಿ. ಪಕ್ಕದ್ಮನೆ ಮಗು ನಾಲ್ಕು ವರ್ಷಕ್ಕೇ ಹಾಕ್ಕೊಳ್ಳುತ್ತೆ. ನೀವು ಮುದ್ದು ಮಾಡಿ ಮಾಡಿ ಕೈಯನ್ನೇ ಕೆಡಿಸಿದ್ದೀರಿ."

ಅಜ್ಜಿ ಮಾತಿಗೆ ಮಾತು ಬೆಳೆಸುವವಳಲ್ಲ. ಆ ವಾರವೇ ಪುಟ್ಟಿಯ ನಾಲ್ಕು ಅಂಗಿಗಳನ್ನು ಅಂಗಡಿಗೆ ತಂದು, ಮಾಸ್ಟರ್ ಊಟಕ್ಕೆ ಹೋದ ಹೊತ್ತಿನಲ್ಲಿ ಇಪ್ಪತ್ತನಾಲ್ಕು ಕಾಜಾಗಳ ಬಾಯಿ ಮುಚ್ಚಿದಳು. ಮರುದಿನ ಪುಟ್ಟಿ ಅಮ್ಮನ ಮುಂದೆಯೇ ಅಂಗಿ ತೊಟ್ಟು ನಿಂತಳು. ಸೊಸೆಯ ಮುಖ ಅರಳಿತು. "ನೋಡಿದ್ರಾ ಅತ್ತೆ? ಗಟ್ಟಿಯಾಗಿ ಹೇಳಿದ್ರೆ ಎಲ್ಲ ಬರುತ್ತೆ." ಅಜ್ಜಿ "ಹೂಂ" ಅಂದು ಒಳಗೆ ಹೋದಳು. ಪುಟ್ಟಿ ಹಿಂದೆಯೇ ಬಂದು ಅಜ್ಜಿಯ ಸೊಂಟ ತಬ್ಬಿಕೊಂಡಳು. ಬಟ್ಟೆ ಒಗೆದು ಮಡಿಸುವವಳು ಅಜ್ಜಿಯೇ ಆದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿಯಿತು.

ಇದನ್ನೆಲ್ಲ ಅಜ್ಜಿ ಬಲ್ಬಮ್ಮನಿಗೆ ಅವತ್ತೇ ಹೇಳಿದಳು. ಬಲ್ಬಮ್ಮ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಮುಂದಿನ ಶುಕ್ರವಾರ ನಿಮ್ಮ ಸೊಸೆಯನ್ನ ದೊಡ್ಡ ಮಿಸ್ ಕರೆಸಿದ್ದಾರೆ, ಗೊತ್ತಾ?" ಅಂದಳು.

"ಹೂಂ. ಯಾಕೆ ಅಂತ ಗೊತ್ತಿಲ್ಲ."

"ಪುಟ್ಟಿಯನ್ನ ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸ್ತಾರೆ. ಕಾಗದ ಸಿದ್ಧವಾಗಿದೆ. ಕಾರಣ ಅಂತ ಏನು ಬರೆದಿದ್ದಾರೆ ಹೇಳಲಾ? 'ಬರುತ್ತದೆ, ಆದರೆ ಮಾಡುವುದಿಲ್ಲ.' ಅದು ಬರುತ್ತೆ ಅನ್ನೋದಕ್ಕೆ ಸಾಕ್ಷಿ ಯಾವುದು? ನಿಮ್ಮ ಆರು ಗುಂಡಿ."

ಅಜ್ಜಿ ಅಂಗಿಯನ್ನು ಹತ್ತಿರಕ್ಕೆಳೆದುಕೊಂಡಳು. ಮೊಮ್ಮಗಳ ಕಣ್ಣೀರು ಒರೆಸಲು ಹೊಲಿದದ್ದೇ ಮೊಮ್ಮಗಳ ಮೇಲೆ ದೂರು ಹೇಳುತ್ತಿತ್ತು.

ಆಮೇಲೆ ಬಲ್ಬಮ್ಮ ದಿನವೂ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬರತೊಡಗಿದಳು. ಪುಟ್ಟಿಯೂ ಜೊತೆಗೆ ಬರುತ್ತಿದ್ದಳು. ಸೊಸೆಯ ಪಾಳಿ ಮುಗಿಯುವವರೆಗೆ ಮಗು ಹೇಗೂ ಅಂಗಡಿಯಲ್ಲೇ ಇರುತ್ತಿತ್ತು. ಬಲ್ಬಮ್ಮ ಪರೀಕ್ಷೆ ಗಿರೀಕ್ಷೆ ಅನ್ನುತ್ತಿರಲಿಲ್ಲ. ಏಪ್ರನ್ನಿನ ಒಂದು ಜೇಬಿನಿಂದ ಮುಚ್ಚಳವಿರುವ ಸಣ್ಣ ಡಬ್ಬಿ, ಇನ್ನೊಂದರಿಂದ ಬಟ್ಟೆ ಕ್ಲಿಪ್ಪು ತೆಗೆದು ಸ್ಟೂಲಿನ ಮೇಲಿಟ್ಟು, ತನ್ನಷ್ಟಕ್ಕೆ ಮಾಸ್ಟರ ಜೊತೆ ಹರಟೆಗೆ ಕೂರುತ್ತಿದ್ದಳು. ಹರಟುತ್ತಲೇ ಕಣ್ಣು ಮಾತ್ರ ಪುಟ್ಟಿಯ ಕೈಮೇಲೆ.

"ಮಗು ಕೆಲಸ ಮಾಡ್ತಾ ಇದ್ಯಾ ಇಲ್ವಾ ಅಂತ ಎಲ್ಲರೂ ನೋಡ್ತಾರೆ ಅಜ್ಜಿ. ಮಾಡೋಕೆ ಎಷ್ಟು ಬೆವರ್ತು ಅಂತ ಯಾರೂ ನೋಡಲ್ಲ. ಅವಳ ನಾಲಿಗೆ ನೋಡಿ, ಡಬ್ಬಿ ತಿರುಗಿಸಿದ ಕಡೆಗೇ ತಿರುಗುತ್ತೆ. ಎಡಗೈ ನೋಡಿ, ಬಲಗೈ ಹಿಡಿದ್ರೆ ಅದೂ ಮುಷ್ಟಿ ಕಟ್ಟುತ್ತೆ. ನಿನ್ನೆ ಮಾಡಿದ್ದು ಇವತ್ತು ಕೈಗೆ ನೆನಪೇ ಇಲ್ಲ. ಆದರೆ ಕಥೆ ಕೇಳಿ, ಲೆಕ್ಕ ಕೇಳಿ, ಪಟಪಟ ಅಂತ ಹೇಳ್ತಾಳೆ. ತಲೆ ಚುರುಕು. ತಲೆ ಹೇಳಿದ್ದು ಕೈಗೆ ಮುಟ್ಟೋದು ನಿಧಾನ."

"ನಿನಗೆ ಇಷ್ಟೆಲ್ಲ ಯಾರು ಕಲಿಸಿದ್ರು?" ಮೂರನೆಯ ದಿನಕ್ಕೆ ಅಜ್ಜಿ ನೀನು ಅನ್ನತೊಡಗಿದ್ದಳು.

"ಬಲ್ಬು" ಅಂದಳು ಬಲ್ಬಮ್ಮ.

ಹದಿನೆಂಟನೆಯ ವಯಸ್ಸಿಗೆ ಅವಳು ಬಲ್ಬ್ ಕಾರ್ಖಾನೆ ಸೇರಿದ್ದಳು. ಒಂದು ಸಾಲಿನಲ್ಲಿ ಮೂವತ್ತು ಹೆಂಗಸರು ಕೂತು ಬಲ್ಬುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನಾಲ್ಕು ವರ್ಷ ತುಂಬಿ, ಆಮೇಲೆ ಹತ್ತು ವರ್ಷ ಆ ಸಾಲಿನ ಹಿಂದೆ ನಡೆಯುತ್ತ ಮೇಲ್ವಿಚಾರಣೆ ಮಾಡಿದಳು. ಮೂವತ್ತು ಜೊತೆ ಕೈ, ದಿನಕ್ಕೆ ಎಂಟು ಗಂಟೆ. ಯಾರ ಮಣಿಕಟ್ಟು ಹತ್ತು ಗಂಟೆಗೇ ಸೋಲುತ್ತದೆ, ಯಾರು ಬೆರಳಿನಲ್ಲಿ ಹಿಡಿಯುತ್ತಾರೆ, ಯಾರು ಅಂಗೈಯಲ್ಲಿ, ಹಿಂದಿನಿಂದ ಹೆಗಲು ನೋಡಿಯೇ ಹೇಳುವಷ್ಟು ಪಳಗಿದಳು.

ಆ ಸಾಲಿನಲ್ಲಿ ಒಬ್ಬ ಹುಡುಗಿ ದಿನಾ ಬಲ್ಬ್ ಒಡೆಯುತ್ತಿದ್ದಳು. ಬೇರೆಯವರು ವಾರಕ್ಕೊಂದು ಒಡೆದರೆ ಇವಳು ದಿನಕ್ಕೆರಡು. ಮೇಲಿನವರು ಕೇಳಿದಾಗ ಬಲ್ಬಮ್ಮ, "ಉಡಾಫೆ ಸಾರ್, ಗಮನವೇ ಇಲ್ಲ" ಅಂದುಬಿಟ್ಟಳು. ಆ ಒಂದು ಮಾತಿಗೆ ಹುಡುಗಿಯ ಕೆಲಸ ಹೋಯಿತು. ಅವಳ ಚೀಲ ಕೊಡಲು ಬಲ್ಬಮ್ಮ ಸಂಜೆ ಅವಳ ಕೋಣೆಗೆ ಹೋದಳು. ಗೋಡೆಯ ಪಕ್ಕ ಹದಿನೆಂಟು ಹಾಳು ಬಲ್ಬುಗಳು, ಒಂದು ಹರಕು ಪೆಟ್ಟಿಗೆ. ಕಸದಿಂದ ಆರಿಸಿ ತಂದು ಹುಡುಗಿ ದಿನಾ ಎರಡು ಗಂಟೆ ತುಂಬಿ ತೆಗೆದು ಅಭ್ಯಾಸ ಮಾಡುತ್ತಿದ್ದಳು. ಸಾಲಿನಲ್ಲಿ ಅವಳಷ್ಟು ಗಮನ ಇಟ್ಟವರು ಇನ್ನೊಬ್ಬರಿರಲಿಲ್ಲ.

"ಹಿಂದಿನಿಂದ ನೋಡಿದ್ದೆ ನಾನು" ಅಂದಳು ಬಲ್ಬಮ್ಮ. "ಒಡೆದದ್ದು ಎಣಿಸಿದ್ದೆ. ಮುಖ ನೋಡಿರಲಿಲ್ಲ. ಮರುದಿನ ಹೋಗಿ ಮೇಲಿನವರ ಹತ್ರ ಜಗಳವಾಡಿದೆ, ಅವಳನ್ನ ವಾಪಸ್ ತಗೊಳ್ಳಲಿಲ್ಲ. ಆರು ತಿಂಗಳಲ್ಲಿ ನಾನೂ ಬಿಟ್ಟೆ. ಶಾಲೆಯಲ್ಲಿ ಆಯಾ ಬೇಕು ಅಂದ್ರು, ಬಂದೆ. ಮಕ್ಕಳ ಜೊತೆ ಕೆಲಸ ಮಾಡುವಾಗ ಮುಂದೆ ನಿಂತ್ಕೋತೀನಿ, ಹಿಂದೆ ಅಲ್ಲ."

ಇಪ್ಪತ್ತಾರು ವರ್ಷದಿಂದ ಅವಳು ಹಾಗೆ ಮುಂದೆ ನಿಂತಿದ್ದಳು. ಕೈತೊಳೆಯುವ ನಲ್ಲಿಯ ಹತ್ತಿರ, ಮೆಟ್ಟಿಲ ಬುಡದಲ್ಲಿ, ಊಟದ ಡಬ್ಬಿ ತೆರೆಯುವ ಹೊತ್ತಿನಲ್ಲಿ. ಮಿಸ್‌ಗಳು ಕೆಲವರು ಕೇಳುತ್ತಿದ್ದರು, ಕೆಲವರು ಆಯಾ ಹೇಳಿದ್ದಕ್ಕೆಲ್ಲ ಕಿವಿ ಕೊಡಬೇಕೇ ಎಂದು ಮೂಗು ಮುರಿಯುತ್ತಿದ್ದರು. ಅವಳಿಗೆ ಎರಡೂ ಒಂದೇ. ಈ ವರ್ಷ ಕೇಳದಿದ್ದರೆ ಮುಂದಿನ ವರ್ಷದ ಮಿಸ್‌ಗೆ ಹೇಳುವುದು.

ಗುರುವಾರ ಸಂಜೆ ಬಲ್ಬಮ್ಮ ಅಜ್ಜಿಯ ಮುಂದೆ ಕೂತು ಹೇಳಿದಳು. "ನಾಳೆ ನಾನು ಮಾತಾಡಿದ್ರೆ ಆಯಾ ಮಾತು. ನೀವು ಮಾತಾಡಿದ್ರೆ ಸಾಕ್ಷಿ."

"ಸೊಸೆಗೆ ಗೊತ್ತಾದ್ರೆ ನನ್ನನ್ನ ಸುಮ್ನೆ ಬಿಡ್ತಾಳೇನೆ?"

"ಬಿಡಲ್ಲ" ಅಂದಳು ಬಲ್ಬಮ್ಮ. "ಬೈತಾಳೆ. ಬೈಸ್ಕೊಳ್ಳಿ."

"ಏನು ಸಲೀಸಾಗಿ ಹೇಳಿಬಿಟ್ಟೆ, ಮಹಾತಾಯಿ!"

ಪುಟ್ಟಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಗುಂಡಿ ಹಾಕಿಸಿದರೆ ಹೇಗೆ ಎಂದು ಮಾಸ್ಟರ್ ಕೇಳಿದರು. ಬಲ್ಬಮ್ಮ ತಕ್ಷಣ ಬೇಡ ಅಂದಳು. "ಮಗು ಸೋಲೋದನ್ನ ನಾಲ್ಕು ಜನ ನೋಡಬೇಕಾಗಿಲ್ಲ. ಅಂಗಿ ಸಾಕು."

ಶುಕ್ರವಾರ ದೊಡ್ಡ ಮಿಸ್ ಕೋಣೆಯಲ್ಲಿ ನಾಲ್ಕು ಕುರ್ಚಿ. ದೊಡ್ಡ ಮಿಸ್, ತರಗತಿಯ ಮಿಸ್, ಸೊಸೆ, ಕರೆಯದಿದ್ದರೂ ಬಂದ ಅಜ್ಜಿ. ಬಲ್ಬಮ್ಮ ಬಾಗಿಲ ಹತ್ತಿರ ನಿಂತಿದ್ದಳು. ದೊಡ್ಡ ಮಿಸ್ ಪುಟ್ಟಿಯ ಪುಸ್ತಕ ತೆರೆದು ತೋರಿಸಿದರು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಹಾರಿದ್ದವು, ಕೆಲವು ಕಡೆ ಪೆನ್ಸಿಲ್ ಹಾಳೆಯನ್ನೇ ಹರಿದಿತ್ತು.

ಸೊಸೆ ತಲೆತಗ್ಗಿಸಿದಳು. "ಮನೇಲಿ ಎಲ್ಲ ತಾನೇ ಮಾಡ್ಕೋತಾಳೆ ಮೇಡಂ. ಬಟ್ಟೆ, ಗುಂಡಿ, ಎಲ್ಲ. ಇಲ್ಲಿ ಮಾತ್ರ ಯಾಕೆ ಹೀಗೆ ಮಾಡ್ತಾಳೋ."

ಅಜ್ಜಿ ಎದ್ದಳು. ಚೀಲದಿಂದ ಇಸ್ತ್ರಿ ಮಾಡಿದ ಅಂಗಿ ತೆಗೆದು ಪುಸ್ತಕದ ಮೇಲೆ ಹರಡಿ, ಎರಡೂ ಅಂಚು ಹಿಡಿದು ಎಳೆದಳು. ಆರು ಸಲ ಟಕ್ ಅಂದಿತು. ಆ ಕೋಣೆಯಲ್ಲಿ ಅದು ಅಂಗಡಿಯಲ್ಲಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

"ಅವಳು ಒಂದು ದಿನವೂ ಗುಂಡಿ ಹಾಕಿಲ್ಲ" ಅಂದಳು ಅಜ್ಜಿ. "ಹಾಕಿದ ಹಾಗೆ ಕಾಣೋ ಥರ ನಾನೇ ಮಾಡಿದ್ದು. ಬರುತ್ತೆ ಆದರೆ ಮಾಡಲ್ಲ ಅಂತ ಬರೆದಿದ್ದೀರಲ್ಲ, ಅದನ್ನ ಹೊಡೆದುಹಾಕಿ. ಬರಲ್ಲ, ಆದರೂ ಮಾಡ್ತಾಳೆ. ದಿನಾ ಮಾಡ್ತಾಳೆ. ಹಾಗೆ ಬರೀರಿ."

ತರಗತಿಯ ಮಿಸ್ ಅಂಗಿ ಎತ್ತಿಕೊಂಡು ಒಂದು ಟಿಚ್ ಬಟನ್ ಒತ್ತಿದಳು, ಬಿಚ್ಚಿದಳು, ಮತ್ತೆ ಒತ್ತಿದಳು. "ನಾನು ಅವಳನ್ನ ಎಷ್ಟು ಸಲ ಹೊರಗೆ ನಿಲ್ಲಿಸಿದೀನಿ" ಅಂದಳು, ಯಾರಿಗೂ ಅಲ್ಲದ ಹಾಗೆ.

ಸೊಸೆ ಅಜ್ಜಿಯನ್ನೇ ನೋಡುತ್ತಿದ್ದಳು. "ನನಗೂ ಹೇಳ್ಲಿಲ್ವಲ್ಲ ಅತ್ತೆ. ಒಂದು ವರ್ಷ! ನಾನೇನು ಅವಳಿಗೆ ಪರಕೀಯಳಾ?"

"ನೀನು ಬೈತೀಯ ಅಂತ."

"ಬೈದೇ ಬೈತೀನಿ! ಮನೆಗೆ ಬನ್ನಿ, ಇದೆ ನಿಮಗೆ."

ಬಾಗಿಲ ಹತ್ತಿರ ಬಲ್ಬಮ್ಮ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಮನೆಗೆ ಹೋದ ಮೇಲೆ ಸೊಸೆ ಬೈದದ್ದು ನಿಜ, ಅರ್ಧ ಗಂಟೆ. ಆಮೇಲೆ ಪುಟ್ಟಿಯ ನಾಲ್ಕೂ ಅಂಗಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬಟನ್ ಬಿಚ್ಚುತ್ತ ಅತ್ತಳು. ಅಜ್ಜಿ ಪಕ್ಕದಲ್ಲಿ ಕೂತಿದ್ದಳು.

ಅದೇ ತರಗತಿಯಲ್ಲಿ ಕೂರಿಸುವ ಕಾಗದವನ್ನು ದೊಡ್ಡ ಮಿಸ್ ಹರಿದುಹಾಕಿದರು. ಪುಟ್ಟಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿದರು. ಅವರು ಮೊದಲು ಕಣ್ಣು, ಕಿವಿ, ಕೈಕಾಲಿನ ಬಲ, ನರ ಎಲ್ಲ ನೋಡಿ, ಕೈಬಳಕೆ ಕಲಿಸುವ ಥೆರಪಿಸ್ಟ್ ಹತ್ತಿರ ಕಳಿಸಿದರು. ಇದು ಸೋಮಾರಿತನವಲ್ಲ, ದಡ್ಡತನವಲ್ಲ, ಯಾರ ಮುದ್ದಿನಿಂದ ಬಂದದ್ದೂ ಅಲ್ಲ ಎಂದು ಥೆರಪಿಸ್ಟ್ ಬಿಡಿಸಿ ಹೇಳಿದಳು. ಕೊನೆಯ ಮಾತಿಗೆ ಅಜ್ಜಿ ಸೊಸೆಯ ಕಡೆ ನೋಡಿದಳು. ಸೊಸೆ ಚಾವಣಿ ನೋಡಿದಳು.

ಕಲಿಸುವ ಕ್ರಮವೇ ಬೇರೆ ಇತ್ತು. ಮೊದಲಿನಿಂದಲ್ಲ, ಕೊನೆಯಿಂದ. ಅಜ್ಜಿ ಗುಂಡಿಯನ್ನು ಕಾಜಾದೊಳಗೆ ಮುಕ್ಕಾಲು ತೂರಿಸಿಡುವುದು, ಪುಟ್ಟಿ ಉಳಿದ ಕಾಲು ಭಾಗ ಎಳೆದುಕೊಳ್ಳುವುದು. ಹಾಗಾಗಿ ಪ್ರತಿ ಸಲವೂ ಕೊನೆಗೆ ಗೆದ್ದದ್ದು ಪುಟ್ಟಿಯೇ. ಅದು ಕೈಗೆ ಕೂತ ಮೇಲೆ ಅರ್ಧ ತೂರಿಸುವುದು, ಆಮೇಲೆ ಬರೀ ತುದಿ. ಅಜ್ಜಿ ಹಳೆಯ ಕೋಟಿನ ದಪ್ಪ ಬಟ್ಟೆಯ ಮೇಲೆ ಬಾಟಲಿ ಮುಚ್ಚಳದಷ್ಟು ದೊಡ್ಡ ಗುಂಡಿ ಹೊಲಿದಳು, ಕಾಜಾದ ಸುತ್ತ ಕೆಂಪು ದಾರ. ಅದಾದ ಮೇಲೆ ಅದಕ್ಕಿಂತ ಸಣ್ಣದು, ಅದಕ್ಕಿಂತ ಸಣ್ಣದು. ಹೀಗೆ ಒಂಬತ್ತು ಅಳತೆ. ಪುಟ್ಟಿ ಅದಕ್ಕೆ ಗುಂಡಿಗಳ ಮನೆ ಎಂದು ಹೆಸರಿಟ್ಟಳು. ತರಗತಿಯಲ್ಲಿ ಮಿಸ್ ದಪ್ಪ ಪೆನ್ಸಿಲ್ ಕೊಟ್ಟಳು, ಅರ್ಧ ಪುಟ ಬರೆದರೆ ಸಾಕು, ಉಳಿದದ್ದು ಬಾಯಲ್ಲಿ ಹೇಳು ಅಂದಳು. ಬಾಯಲ್ಲಿ ಹೇಳು ಅಂದದ್ದೇ ತಪ್ಪಾಯಿತೇನೋ, ಆಮೇಲೆ ಪುಟ್ಟಿಯ ಬಾಯಿ ಮುಚ್ಚಿಸುವುದೇ ಮಿಸ್‌ಗೆ ಕೆಲಸವಾಯಿತು.

ವರ್ಷ ಕಳೆಯುವ ಹೊತ್ತಿಗೆ ಪುಟ್ಟಿ ಮುಂದಿನ ತರಗತಿಗೆ ಹೋಗಿದ್ದಳು. ನಾಲ್ಕು ಗುಂಡಿ ಸಲೀಸು. ಐದನೆಯದಕ್ಕೆ ನಾಲಿಗೆ ಹೊರಗೆ ಬರುತ್ತಿತ್ತು. ಕುತ್ತಿಗೆಯ ಹತ್ತಿರದ್ದು ಇನ್ನೂ ಬರುತ್ತಿರಲಿಲ್ಲ, ಅದು ಕಣ್ಣಿಗೆ ಕಾಣದು. ಈಗಲೂ ಎಡವುತ್ತಿದ್ದಳು. ಆದರೆ ಬಿದ್ದರೆ "ಅಯ್ಯೋ ನೋವಾಯ್ತು" ಎನ್ನುತ್ತಿದ್ದಳು, ಸುಮ್ಮನೆ ನಗುತ್ತಿರಲಿಲ್ಲ. ಅದನ್ನು ಮೊದಲು ಗಮನಿಸಿದ್ದೂ ಬಲ್ಬಮ್ಮನೇ.

ಆ ವರ್ಷವೇ ಬಲ್ಬಮ್ಮನ ನಿವೃತ್ತಿ. ದೂರದ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇರುವಾಗ ಅಂಗಡಿಗೆ ಬಂದು, ಮೊದಲ ದಿನ ಕೂತ ಜಾಗದಲ್ಲೇ ಕೂತಳು. ಏಪ್ರನ್ ಇರಲಿಲ್ಲ, ಕೈ ಆಗಾಗ ಇಲ್ಲದ ಜೇಬು ಹುಡುಕುತ್ತಿತ್ತು. ಟಿಕೆಟ್ ಸೊಸೆಯೇ ಕೊಟ್ಟಿದ್ದಳು, ಕಿಟಕಿ ಪಕ್ಕದ ಸೀಟು ನೋಡಿ.

"ಅಜ್ಜಿ, ನಿಮ್ಮ ಅಳತೆ ಪುಸ್ತಕ ತೆಗೀರಿ" ಅಂದಳು.

ಅಳತೆ ಪುಸ್ತಕದಲ್ಲಿ ಮಾಸ್ಟರ್ ಮಗುವಿನ ಹೆಸರು, ಎದೆ, ತೋಳು, ಉದ್ದ ಬರೆಯುತ್ತಿದ್ದರು. ಅಂಚಿನಲ್ಲಿ ಅಜ್ಜಿಯ ಗುರುತು. ನಾಲ್ಕು ಅಕ್ಷರ ಕೂಡಿಸಿ ಬರೆಯುವುದಕ್ಕಿಂತ ಗುರುತು ಹಾಕುವುದು ಅವಳಿಗೆ ಬೇಗ ಆಗುತ್ತಿತ್ತು. ಮಾಮೂಲು ಗುಂಡಿಗೆ ಒಂದು ಸುತ್ತು. ತಾಯಂದಿರು ಟಿಚ್ ಬಟನ್ ಇಡಿ, ಸೊಂಟಕ್ಕೆ ಎಲಾಸ್ಟಿಕ್ ಹಾಕಿ ಎಂದು ಕೇಳಿದರೆ ಸುತ್ತಿನೊಳಗೆ ಒಂದು ಚುಕ್ಕೆ.

"ಈ ಚುಕ್ಕೆ ಏನು?" ಎಂದು ಬಲ್ಬಮ್ಮ ಹಿಂದೆ ಯಾವಾಗಲೋ ಕೇಳಿದ್ದಳು. ಅಜ್ಜಿ ಹೇಳಿದ್ದಳು. ಅದು ಬಲ್ಬಮ್ಮನ ತಲೆಯಲ್ಲಿ ಉಳಿದಿತ್ತು ಎಂದು ಅಜ್ಜಿಗೆ ಈಗ ತಿಳಿಯಿತು.

ಇಬ್ಬರೂ ಹಾಳೆ ತಿರುವಿದರು. ಬಲ್ಬಮ್ಮ ಬೆರಳಿಟ್ಟಳು, ಅಜ್ಜಿ ಎಣಿಸಿದಳು. ಎರಡು ವರ್ಷದಲ್ಲಿ ಹದಿಮೂರು ಚುಕ್ಕೆ. ಆರು ಮಕ್ಕಳು ಬಲ್ಬಮ್ಮನಿಗೆ ಪರಿಚಯವಿರದ ಬೇರೆ ಶಾಲೆಯವರು.

"ಇವರಲ್ಲಿ ಒಬ್ಬಿಬ್ಬರು ಪುಟ್ಟಿ ಹಾಗೆ ಇರಬಹುದು, ಎಲ್ಲರೂ ಅಲ್ಲ" ಅಂದಳು ಬಲ್ಬಮ್ಮ. "ಕೆಲವರ ಅಮ್ಮಂದಿರಿಗೆ ಬೆಳಿಗ್ಗೆ ಅವಸರ ಅಷ್ಟೇ. ಕೆಲವು ಮಕ್ಕಳು ಚಿಕ್ಕವರು, ಕಲಿತಾರೆ. ಇದು ಹೀಗೇ ಅಂತ ನೀವೂ ಹೇಳೋಕೆ ಹೋಗ್ಬೇಡಿ, ಅದು ಡಾಕ್ಟರ್ ಕೆಲಸ. ಗುಂಡಿಗಳ ಮನೆ ತಗೊಂಡು ಹೋಗಿ, ಮಗುವಿನ ಮುಂದಿಟ್ಟು ಸುಮ್ನೆ ಕೂತ್ಕೊಳ್ಳಿ. ಮುಂದೆ ಕೂತ್ಕೊಳ್ಳಿ, ಹಿಂದೆ ಅಲ್ಲ."

"ಈ ವಯಸ್ಸಲ್ಲಿ ಮನೆ ಮನೆ ಅಲೀಲಾ ನಾನು?"

"ಬಟ್ಟೆ ಕೊಡೋಕೆ ಹೇಗೂ ಹೋಗ್ತೀರಲ್ಲ."

ಮಾಸ್ಟರ್ ಕತ್ತರಿ ನಿಲ್ಲಿಸಿ, "ಹೋಗ್ಲಿ ಬಿಡಿ ಅಜ್ಜಿ, ಅವರು ಕೇಳಿದ್ದಕ್ಕೆ ಇಲ್ಲ ಅಂದು ನೀವು ಯಾವತ್ತು ಗೆದ್ದಿದ್ದೀರಿ?" ಅಂದರು.

ಬಲ್ಬಮ್ಮ ಚೀಲ ಹೆಗಲಿಗೇರಿಸಿ ಎದ್ದಳು. ಬಾಗಿಲವರೆಗೆ ಹೋಗಿ, ಮೊದಲ ದಿನ ನಿಂತ ಹಾಗೆಯೇ ಹೊಸ್ತಿಲ ಮೇಲೆ ನಿಂತು ತಿರುಗಿದಳು. ಅಜ್ಜಿಯ ಬೆರಳು ಇನ್ನೂ ಪುಸ್ತಕದ ಅಂಚಿನಲ್ಲಿತ್ತು.

"ಹದಿಮೂರರಲ್ಲಿ ನಾಳೆ ಮೊದಲು ಯಾರ ಮನೆಗೆ ಹೋಗ್ತೀರಿ, ಅಜ್ಜಿ?"